ಅವ್ವನ ಪಾಠ, ಯಂತ್ರದ ಕಲಿಕೆ



ನಾನು ಕಂಪ್ಯೂಟರಿಗೆ ಕಲಿಸುವ ಕೆಲಸದವನು. ಕೃತಕ ಬುದ್ಧಿಮತ್ತೆಯ ಬಗ್ಗೆ ಒಂದೇ ಸಂಶೋಧನೆ ಹೇಳುತ್ತೇನೆ.

ಆಸ್ಟ್ರೇಲಿಯಾದಲ್ಲಿ ಒಂದು ಮಗುವಿನ ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿ, 6ನೇ ತಿಂಗಳಿಂದ 25ನೇ ತಿಂಗಳವರೆಗೆ ಆಗಾಗ ಚಿತ್ರೀಕರಿಸಿದರು. ಅದರ 61 ಗಂಟೆಗಳ ದೃಶ್ಯವನ್ನೂ ಅದರಲ್ಲಿನ ಮಾತನ್ನೂ ನ್ಯೂಯಾರ್ಕ್ ವಿಶ್ವವಿದ್ಯಾಲಯದವರು ಕಂಪ್ಯೂಟರಿಗೆ ಕೊಟ್ಟರು. 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಒಂದು ಪದ ಹೇಳಿ ನಾಲ್ಕು ಚಿತ್ರ ಮುಂದಿಟ್ಟರೆ, 100ಕ್ಕೆ ಸುಮಾರು 62 ಸಲ ಅದು ಸರಿಯಾದದ್ದನ್ನೇ ಆರಿಸಿತು. ಯಾರೂ ಕುಳ್ಳಿರಿಸಿ ಪಾಠ ಮಾಡಿರಲಿಲ್ಲ. ಮಗು ನೋಡುತ್ತಿದ್ದಾಗ ಮನೆಯವರು ಆಡಿದ ಮಾತೇ ಪಾಠ.

ಅದನ್ನು ಓದಿದ ದಿನ ನನಗೆ ನಾಚಿಕೆಯಾಯಿತು. ಎರಡು ವರ್ಷದ ಮಗಳ ಕೈಗೆ ಮೊಬೈಲ್ ಕೊಟ್ಟು, ನಾನು ಯಂತ್ರಕ್ಕೆ ಮಾತು ಕಲಿಸುತ್ತಿದ್ದೆ! ಅಕ್ಷರ ಬಾರದ ನನ್ನ ಅವ್ವ ರೊಟ್ಟಿ ಬಡಿಯುತ್ತಾ, 'ಇದು ಹಿಟ್ಟು, ಇದು ಹಂಚು, ಮುಟ್ಟಬ್ಯಾಡ, ಸುಡತೈತಿ' ಎನ್ನುತ್ತಿದ್ದಳು. ಈ ಶಾಲೆಗೆ ಬರುವ ಮೊದಲೇ ನನ್ನ ಮೆದುಳಿಗೆ ಬಿದ್ದ ಪಾಠ ಅದು.

ಈಗ ಸಂಜೆ ಮೊಬೈಲ್ ಬದಿಗಿಟ್ಟು ಮಗಳೊಂದಿಗೆ ಮಾತಾಡುತ್ತೇನೆ. ಮೊನ್ನೆ ಅವಳು ಒಲೆಯತ್ತ ಬೆರಳು ಮಾಡಿ 'ಅಂಚು' ಎಂದಳು. ನೀವೂ ಮಕ್ಕಳೊಂದಿಗೆ ಮಾತಾಡಿ, ನಿಮ್ಮ ಮಾತಿನಲ್ಲೇ.