ನಿದ್ದೆ ಯಾಕೆ ಹತ್ತುತ್ತದೆ?

ಮಹಾರಾಷ್ಟ್ರದ ಗಡಿಸೀಮೆಯ ಮಿರಜಿನಲ್ಲಿ ಸಿತಾರ್, ತಂಬೂರಿ ಮಾಡುವವರ ಓಣಿಯಿದೆ. ಒಣಗಿದ ದೊಡ್ಡ ಸೋರೆಬುರುಡೆಗೆ ಮರದ ಕೊರಳು ಕೂಡಿಸಿ ತಂತಿ ಬಿಗಿಯುತ್ತಾರೆ. ಆ ತಂಬೂರಿಯನ್ನು ನಾವು ಏನು ಮಾಡುತ್ತೇವೆ? ಮೀಟುತ್ತೇವೆ. ತಬಲಾ? ಬಾರಿಸುತ್ತೇವೆ. ಕೊಳಲು ಊದುತ್ತೇವೆ, ವೀಣೆ ನುಡಿಸುತ್ತೇವೆ. ಯಾರಾದರೂ ‘ತಬಲಾ ಮೀಟಿದ’ ಎಂದರೆ ಅರ್ಥವೇನೋ ಆಗುತ್ತದೆ, ಆದರೆ ಕಿವಿ ಒಪ್ಪುವುದಿಲ್ಲ. ಅದೇ ಓಣಿಯಲ್ಲಿ ಮರಾಠಿ ಆಡುವ ಹುಡುಗಿಗೆ ಈ ಪೇಚು ಅಷ್ಟಿಲ್ಲ. ಸಿತಾರ್, ತಬಲಾ, ಕೊಳಲು, ಕಡೆಗೆ ಗುಡಿಯ ಗಂಟೆಗೂ ‘ವಾಜವಣೆ’ ಎಂಬ ಒಂದೇ ಮಾತು ಸಾಕು.

ಕೆಲವು ಪದಗಳು ಹೀಗೆ ಮತ್ತೆ ಮತ್ತೆ ಜೋಡಿಯಾಗಿಯೇ ಬರುತ್ತವೆ. ಪದವೊಂದು ಯಾರ ಜೊತೆ ಓಡಾಡುತ್ತದೆ ಎಂಬುದೂ ಅದರ ಅರ್ಥದ ಭಾಗ ಎಂದು 1950ರ ದಶಕದಲ್ಲಿ ಒತ್ತಿ ಹೇಳಿದವರು ಇಂಗ್ಲೆಂಡಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್. ಈ ಜೋಡಿಗಳನ್ನು ಯಾವ ವ್ಯಾಕರಣದ ನಿಯಮವೂ ನಿಮಗೆ ಕಲಿಸಲಿಲ್ಲ. ಅವ್ವ, ಅಜ್ಜಿ ಆಡಿದ್ದನ್ನು ಕೇಳಿ ಕೇಳಿ ಮಿದುಳು ಎರಡು ಪದಗಳನ್ನೂ ಒಂದೇ ಗಂಟಾಗಿ ಕಟ್ಟಿಟ್ಟುಕೊಂಡಿದೆ.

ನನಗೆ ಇನ್ನೂ ಸೋಜಿಗವೆನಿಸುವುದು ಬೇರೆ. ಈ ಗಂಟುಗಳು ಭಾಷೆಯ ಬೇಲಿಯ ಎರಡೂ ಬದಿಗೆ ಸಿಗುತ್ತವೆ! ಗಡಿಸೀಮೆಯ ಕನ್ನಡದಲ್ಲಿ ‘ಬೆಂಕಿ ಹತ್ತಿತು’, ಮರಾಠಿಯಲ್ಲಿ ‘ಆಗ್ ಲಾಗಲೀ’. ಇಲ್ಲಿ ‘ನಿದ್ದಿ ಹತ್ತಿತು’, ಅಲ್ಲಿ ‘ಝೋಪ್ ಲಾಗಲೀ’. ‘ಚಟ ಹತ್ತಿತು’ ಅಂದರೆ ‘ಸವಯ್ ಲಾಗಲೀ’. ಹುಡುಗ ‘ಅಳಾಕ ಹತ್ತಿದಾ’, ಅವನೇ ಮರಾಠಿಯಲ್ಲಿ ‘ರಡಾಯಲಾ ಲಾಗಲಾ’. ಪದಗಳು ಬೇರೆ, ಜೋಡಿ ಕಟ್ಟುವ ರೀತಿ ಮಾತ್ರ ಒಂದೇ.

ಹೀಗಾಗುವುದು ಹೇಗೆ? ಸಾಂಗ್ಲಿ, ಮಿರಜಿನ ಮಗ್ಗುಲಲ್ಲೇ ಕುಪವಾಡ ಇದೆ. ಕನ್ನಡ, ಮರಾಠಿ, ಉರ್ದು ಅಲ್ಲಿ ನೂರಾರು ವರ್ಷ ಅಕ್ಕಪಕ್ಕದ ಮನೆಗಳಲ್ಲಿ ಬಾಳಿವೆ. ಅಲ್ಲಿನ ಮಾತನ್ನು ಆಲಿಸಿದ ಭಾಷಾ ಸಂಶೋಧಕರಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರು ಕಂಡಂತೆ, ಜನ ಮನೆಯಲ್ಲಿ ತಮ್ಮ ತಮ್ಮ ಭಾಷೆ, ಹೊಲದಲ್ಲಿ, ಅಂಗಡಿಯಲ್ಲಿ ನೆರೆಯವರ ಭಾಷೆ ಆಡುತ್ತ ಆಡುತ್ತ ಮೂರರ ವಾಕ್ಯಗಳೂ ಒಂದೇ ಅಚ್ಚಿಗೆ ಬಂದಿದ್ದವು. ಎಷ್ಟೋ ವಾಕ್ಯಗಳಲ್ಲಿ ಒಂದೊಂದು ಪದ ತೆಗೆದು ಅದೇ ಜಾಗದಲ್ಲಿ ಇನ್ನೊಂದು ಭಾಷೆಯ ಪದ ಇಟ್ಟರೆ ಸಾಕು, ಅನುವಾದ ಮುಗಿಯಿತು! ‘ಚಹಾ ಕುಡದ ಬರ್ತೀನಿ’, ‘ಚಹಾ ಪಿಊನ್ ಯೇತೋ’: ಬೇಕಾದರೆ ಪದಕ್ಕೆ ಪದ ಹೊಂದಿಸಿ ನೋಡಿ.

ಆದರೆ ಎಲ್ಲ ಜೋಡಿಗಳೂ ಹೀಗೆ ಹೊಂದುವುದಿಲ್ಲ. ಮರಾಠಿಯಲ್ಲಿ ಹಸಿವೂ ‘ಲಾಗತೆ’. ಕನ್ನಡದಲ್ಲಿ ಹಸಿವು ಆಗುತ್ತದೆ, ಹತ್ತುವುದಿಲ್ಲ. ನಿಮ್ಮ ಮನೆಯಲ್ಲಿ ಎರಡು ಭಾಷೆ ಇದ್ದರೆ ಇವತ್ತು ಊಟಕ್ಕೆ ಕೂತಾಗ ಕಿವಿಗೊಡಿ: ನೆಗಡಿ, ಸಿಟ್ಟು, ನಾಚಿಕೆ ಬರುತ್ತವೆಯೋ, ಆಗುತ್ತವೆಯೋ, ಹತ್ತುತ್ತವೆಯೋ?