ಹಿತ್ತಲಿನ ಕೋಳಿ, ಮನೆಮಂದಿಯ ಮೊಟ್ಟೆ



ಬೆಳಗಿನ ಹೊತ್ತು ಹಿತ್ತಲಿನ ಹೇಂಟೆಯು ಮೊಟ್ಟೆಯಿಟ್ಟು, ಕೇರಿಗೆಲ್ಲ ಕೇಳುವಂತೆ ಕೂಗುವುದನ್ನು ನೀವೆಲ್ಲರೂ ಬಲ್ಲಿರಿ. ಆ ಕೂಗು ಕೇಳಿದೊಡನೆ ಮನೆಯ ಮಗು ಓಡಿಹೋಗಿ, ಬುಟ್ಟಿಯ ಹುಲ್ಲಿನಲ್ಲಿ ಕೈಯಾಡಿಸಿ, ಇನ್ನೂ ಬೆಚ್ಚಗಿರುವ ಮೊಟ್ಟೆಯನ್ನು ಜೋಪಾನವಾಗಿ ತರುತ್ತದೆ. ಈ ಸಂತೋಷವು ಅಂಗಡಿಯಲ್ಲಿ ದೊರೆಯುವಂತಹುದಲ್ಲ. ಆದರೆ ಆ ಮೊಟ್ಟೆಯು ಅನಂತರ ಯಾರ ತಟ್ಟೆಯನ್ನು ಸೇರುತ್ತದೆ? ಈ ದಿನ ನಾವು ವಿಚಾರ ಮಾಡಬೇಕಾದುದು ಇದನ್ನೇ.

ಒಮ್ಮೆ ನಾನು ಒಂದು ಮನೆಗೆ ಹೋಗಿದ್ದೆ. ಮನೆಯೊಡತಿ ಐದು ತಿಂಗಳ ಗರ್ಭಿಣಿ, ಮುಖ ಬಿಳಿಚಿಕೊಂಡಿತ್ತು. ಹಿತ್ತಲಿನಲ್ಲಿ ನಾಲ್ಕು ಹೇಂಟೆಗಳು ಕೆದಕುತ್ತಿದ್ದವು. "ಮೊಟ್ಟೆ ತಿನ್ನುತ್ತೀರಾ, ತಾಯಿ?" ಎಂದು ಕೇಳಿದೆ. "ಎಲ್ಲ ಸಂತೆಗೆ ಹೋಗುತ್ತವೆ. ಉಳಿದರೆ ಮನೆಯವರಿಗೆ. ಬಸುರಿಗೆ ಮೊಟ್ಟೆ ಉಷ್ಣವಂತಲ್ಲ" ಎಂದರು. ಜಗಲಿಯಲ್ಲಿದ್ದ ಪತಿಯು ಮಾತನಾಡಲಿಲ್ಲ.

ಉಷ್ಣವೆಂಬ ಭಯ ನಿರಾಧಾರವಾದುದು. ಸುಮಾರು 50 ಗ್ರಾಂ ತೂಗುವ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಸಸಾರಜನಕವಿದೆ; ಎ ಜೀವಸತ್ವವೂ ಇದೆ. ಗರ್ಭಿಣಿಗೆ, ಬಾಣಂತಿಗೆ, ಬೆಳೆಯುವ ಮಗುವಿಗೆ ಇದು ಹಿತಕರ. ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲು ಮಾತ್ರ ಸಾಕು. ಅನಂತರ ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನು ಮಸೆದು, ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಬಹುದು. ಆದರೆ ಗರ್ಭಿಣಿಯರು ಸೇವಿಸಬೇಕಾದ ಕಬ್ಬಿಣಾಂಶದ ಗುಳಿಗೆಗಳಿಗೆ ಮೊಟ್ಟೆಯು ಬದಲಿಯಲ್ಲ. ಅವನ್ನು ತಪ್ಪದೆ ನುಂಗಬೇಕು.

ಈಗ ಒಂದು ಲೆಕ್ಕ. ನಾಟಿ ಕೋಳಿಯೊಂದು ವರ್ಷಕ್ಕೆ ಸುಮಾರು 50ರಿಂದ 60 ಮೊಟ್ಟೆಗಳನ್ನಿಡುತ್ತದೆ. ನಾಲ್ಕು ಕೋಳಿಗಳಿದ್ದರೆ ವಾರಕ್ಕೆ ಸರಾಸರಿ ನಾಲ್ಕು ಮೊಟ್ಟೆ: ಎರಡು ತಾಯಿಗೆ, ಎರಡು ಮಗುವಿಗೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯು ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆಗಳನ್ನು ಕೊಡುತ್ತದೆ. ಅಂತಹ ಕೋಳಿಗಳಿದ್ದಲ್ಲಿ ಮನೆಗೆ ಸಾಕಾಗಿ ಸಂತೆಗೂ ಮಿಗುತ್ತದೆ. ಮರಿ ಬೇಕೆಂದರೆ ಮಾತ್ರ ಕಾವಿಗೆ ಕೂರುವ ನಾಟಿ ಹೇಂಟೆಯೇ ಮೇಲು. 21 ದಿನಗಳಲ್ಲಿ ಅದು ಮರಿಗಳೊಡನೆ ಅಂಗಳಕ್ಕಿಳಿಯುವುದನ್ನು ನೋಡುವುದೇ ಒಂದು ಸೊಗಸು. ಬರಿಯ ಮೊಟ್ಟೆಗಾದರೆ ಹುಂಜವೂ ಬೇಕಿಲ್ಲ.

ಸಾಕಣೆಗೆ ಹೆಚ್ಚಿನ ವೆಚ್ಚವಿಲ್ಲ. ಹಗಲು ಹುಳುಹುಪ್ಪಟೆ, ಸೊಪ್ಪುಗಳನ್ನು ಹೆಕ್ಕುವ ಕೋಳಿಗೆ ಸಂಜೆ ಒಂದು ಹಿಡಿ ರಾಗಿ, ಜೋಳ ಅಥವಾ ನುಚ್ಚು ಕೊಡಿರಿ. ಶುದ್ಧವಾದ ನೀರು ಸದಾ ಇರಲಿ. ಚಿಪ್ಪು ಗಟ್ಟಿಯಾಗಲು ಕಪ್ಪೆಚಿಪ್ಪಿನ ಪುಡಿ ಒಳ್ಳೆಯದು. ರಾತ್ರಿ ಮುಂಗುಸಿ, ಕಾಡುಬೆಕ್ಕುಗಳು ನುಗ್ಗದಂತೆ ಭದ್ರವಾದ ಗೂಡು ಬೇಕು. ಆ ಗೂಡು ನೀವು ಮಲಗುವ ಮತ್ತು ಅಡಿಗೆ ಮಾಡುವ ಸ್ಥಳದಿಂದ ದೂರವಿರಲಿ. ಕೋಳಿ ಮುಟ್ಟಿದ ಮೇಲೆ ಮಕ್ಕಳೂ ದೊಡ್ಡವರೂ ಸಾಬೂನಿನಿಂದ ಕೈ ತೊಳೆಯಬೇಕು. ಕೊಕ್ಕರೆ ರೋಗ ಬಂದರೆ ಇಡೀ ಊರಿನ ಕೋಳಿಗಳೇ ಸಾಯಬಹುದು. ಆದುದರಿಂದ ಪಶುವೈದ್ಯರ ಸಲಹೆಯಂತೆ ಸಕಾಲದಲ್ಲಿ ಲಸಿಕೆ ಹಾಕಿಸಿರಿ. ಕಾಯಿಲೆಯಿಂದ ಸತ್ತ ಕೋಳಿಯನ್ನು ತಿನ್ನದೆ ಆಳವಾಗಿ ಹೂಳಿ, ಪಶು ಆಸ್ಪತ್ರೆಗೆ ತಿಳಿಸಿರಿ.

ಮೊಟ್ಟೆಯ ತಾಜಾತನವನ್ನು ತಿಳಿಯಲು ಅದನ್ನು ನೀರಿನಲ್ಲಿ ಬಿಡಿರಿ. ಹೊಸತು ತಳದಲ್ಲಿ ಮಲಗುತ್ತದೆ, ಹಳೆಯದು ತೇಲುತ್ತದೆ.

ಎರಡು ತಿಂಗಳ ಬಳಿಕ ನಾನು ಆ ಮನೆಗೆ ಮತ್ತೆ ಹೋದೆ. ಒಲೆಯ ಮೇಲೆ ಮೊಟ್ಟೆ ಬೇಯುತ್ತಿತ್ತು. ಅಂದು ಮಾತನಾಡದಿದ್ದ ಪತಿಯೇ ಅದನ್ನು ಸುಲಿದು ಪತ್ನಿಯ ಮುಂದಿಟ್ಟು, "ಸಂತೆಗೆ ಆಮೇಲೆ ನೋಡೋಣ" ಎಂದರು.

ಮೊಟ್ಟೆ ಸೇವಿಸುವ ಎಲ್ಲ ದಂಪತಿಗಳಲ್ಲಿ ನನ್ನ ವಿನಂತಿ ಇಷ್ಟೇ: ಮೊದಲು ತಾಯಿ ಮಗುವಿನ ತಟ್ಟೆಗೆ, ಅನಂತರ ಸಂತೆಯ ಬುಟ್ಟಿಗೆ.