‘ಒಡೆಯುವುದು’ ಎಂಬ ಒಂದು ಮಾತು

(ಕೊಂಡ್ಲಹಳ್ಳಿಯ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)

ನಾನು ಸಾಹಿತಿಯಲ್ಲ. ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಕೆಲಸದಲ್ಲಿ ಅಂದಾಜುಪಟ್ಟಿ, ಅಳತೆ ಪುಸ್ತಕ ಬರೆದವನು. ಕಾಲಂನಲ್ಲಿ ಬೀಳುವ ಒಂದು ಪದಕ್ಕೆ ಎಷ್ಟು ಬಲವಿದೆ ಎಂದು ಅಲ್ಲಿ ಕಂಡಿದ್ದೇನೆ. ಪಹಣಿಯಲ್ಲಿ ‘ಖರಾಬು’ ಎಂದು ಬಿದ್ದರೆ ಆ ನೆಲವನ್ನು ಕೇಳುವವರೇ ಇರುವುದಿಲ್ಲ.

ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಕಾವಲುಗಳನ್ನೇ ನೋಡಿ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಿದ್ದ ಹುಲ್ಲುಗಾವಲು. ಸುತ್ತಲ ಹಳ್ಳಿಗಳ ಕುರಿ ಅಲ್ಲಿ ಮೇಯುತ್ತಿದ್ದವು, ಆ ಉಣ್ಣೆ ಕಂಬಳಿಯಾಗುತ್ತಿತ್ತು. ಅದರಲ್ಲಿ ಸುಮಾರು 10,000 ಎಕರೆ ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಮೊದಲಾದ ಸಂಸ್ಥೆಗಳಿಗೆ ಹೋಯಿತು; ಜಗಳ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿತು. ಆ ಸಂಸ್ಥೆಗಳ ಮೇಲೆ ನನಗೆ ಗೌರವವಿದೆ. ಆದರೆ ಕುರಿ ಮೇಯುತ್ತಿದ್ದ ಜಾಗವನ್ನು ‘ಖಾಲಿ ಬಿದ್ದ ಭೂಮಿ’ ಎಂದರಲ್ಲ, ಅಲ್ಲಿಗೆ ಕುರಿಗಾರನ ವಾದ ಅರ್ಧ ಸೋತಿತ್ತು.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿ 2018ರ ಮಾರ್ಚ್ 2ರಂದು ವರದಿ ಕೊಟ್ಟಿತು. ಮಾರ್ಚ್ 19ರಂದು ರಾಜ್ಯ ಸಂಪುಟ ಅದನ್ನು ಒಪ್ಪಿತು. ಮೇ 12ಕ್ಕೆ ಮತದಾನ. ಆ ಎರಡು ತಿಂಗಳೊಳಗೆ ವರದಿ ಓದಿದವರು ಎಷ್ಟು ಜನ? ‘ಧರ್ಮ ಒಡೆಯುತ್ತಿದ್ದಾರೆ’ ಎಂಬ ಮಾತು ಮಾತ್ರ ಪ್ರತಿ ಹಳ್ಳಿಕಟ್ಟೆಗೂ ತಲುಪಿತು. ಚುನಾವಣೆ ಅಷ್ಟು ಹತ್ತಿರವಿಟ್ಟುಕೊಂಡು ತೀರ್ಮಾನಿಸಿ, ಆ ಮಾತಿಗೆ ಹಿಡಿಕೆ ಹಾಕಿ ಕೊಟ್ಟಂತಾಯಿತು ಎಂಬುದನ್ನೂ ಹೇಳಬೇಕು.

ಒಡೆಯಬೇಕಾದರೆ ಮೊದಲು ಒಂದಾಗಿರಬೇಕು. ಒಂದಾಗಿತ್ತೇ ಎಂಬುದೇ ತಾನೆ ಇತ್ಯರ್ಥವಾಗಬೇಕಿದ್ದ ಪ್ರಶ್ನೆ? ಉತ್ತರವನ್ನು ಪದದೊಳಗೇ ಬಚ್ಚಿಟ್ಟು ಪ್ರಶ್ನೆ ಕೇಳಿದರು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರಿಗೆ ಅಲ್ಪಸಂಖ್ಯಾತ ಮಾನ್ಯತೆ ಕೊಟ್ಟಾಗ ನಮ್ಮ ಊರಕಟ್ಟೆಯಲ್ಲಿ ‘ಒಡೆದರು’ ಎಂಬ ಮಾತು ನಾನು ಕೇಳಲಿಲ್ಲ. ‘ಅಲ್ಪಸಂಖ್ಯಾತ’ ಎಂಬುದೂ ಹಾಗೆಯೇ. ಕಾನೂನಿನಲ್ಲಿ ಅದು ಸಂಖ್ಯೆಯ ಮಾತು. ಕಾಸರಗೋಡಿನ ಕನ್ನಡಿಗರೂ ಭಾಷಾ ಅಲ್ಪಸಂಖ್ಯಾತರೇ. ನಮ್ಮ ಕಡೆ ಅದು ಬೈಗುಳವಾಗಿದೆ.

ಇಷ್ಟು ಹೇಳಿದರೆ ನೀವು ಚಪ್ಪಾಳೆ ತಟ್ಟುತ್ತೀರಿ. ಸ್ವಲ್ಪ ತಾಳಿ. ನಾವು ಏನು ಮಾಡಿದೆವು? ಅವರು ‘ಪ್ರತ್ಯೇಕ’ ಎಂದರು, ನಾವು ‘ಸ್ವತಂತ್ರ’ ಎಂದೆವು. ಬೇಡಿಕೆ ಒಂದೇ. ಮೊದಲನೆಯದರಲ್ಲಿ ಮನೆ ಬಿಟ್ಟು ಹೋದವರು ಕಾಣುತ್ತಾರೆ, ಎರಡನೆಯದರಲ್ಲಿ ಯಾವತ್ತೂ ಆ ಮನೆಯಲ್ಲಿ ಇಲ್ಲದವರು. ನಮ್ಮ ಪದದೊಳಗೂ ಉತ್ತರ ಅಡಗಿತ್ತು. ನನಗೆ ಆ ಉತ್ತರವೇ ಸರಿ ಅನ್ನಿಸುತ್ತದೆ. ಹಾಗೆಂದು ಆಧಾರ ತೋರಿಸುವ ಕೆಲಸ ತಪ್ಪುವುದಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಮ್ಮಣ್ಣ ‘ವೀರಶೈವ’ ಎಂದೇ ಬರೆಸುವವರು. ಅಪ್ಪ ಹಾಗೆ ಬರೆಸಿದ್ದರು ಎಂಬುದು ಅವರ ವಾದ. ಆ ಚುನಾವಣೆ ಸಮಯದಲ್ಲಿ, ಊಟಕ್ಕೆ ಕೂತಾಗ, ನಾನು ಅವರನ್ನು ‘ಬಸವದ್ರೋಹಿ’ ಎಂದುಬಿಟ್ಟೆ. ದಿನಾ ಇಷ್ಟಲಿಂಗ ಪೂಜೆ ಮಾಡದೆ ನೀರು ಮುಟ್ಟದ ಮನುಷ್ಯ. ತಟ್ಟೆ ಬಿಟ್ಟು ಎದ್ದು ಹೋದರು. ಮೂರು ವರ್ಷ ಮಾತಿರಲಿಲ್ಲ.

ಮಾದಾರ, ಡೋಹರ, ಸೂಳೆ: ತುಳಿಯುವುದಕ್ಕೇ ಬಳಕೆಯಲ್ಲಿದ್ದ ಪದಗಳು. ಶರಣರು ಅವನ್ನು ಮುಚ್ಚಿಡಲಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸೂಳೆ ಸಂಕವ್ವೆ ಎಂದು ಮುಂದೆ ‘ಅಯ್ಯ’, ‘ಅವ್ವೆ’ ಇಟ್ಟು ಕರೆದರು. ಅವರ ಹೆಸರು ಹೇಳುವ ನಾನು ಒಡಹುಟ್ಟಿದವರ ಮುಂದೆ ‘ದ್ರೋಹಿ’ ಇಟ್ಟೆ.

ಕೊನೆಗೆ ನಾನೇ ಹೋಗಿ ಕ್ಷಮೆ ಕೇಳಿದೆ. 2025ರ ಸೆಪ್ಟೆಂಬರಿನಲ್ಲಿ ಸಮೀಕ್ಷೆಯವರು ಬಂದಾಗ ಅಣ್ಣ ಫೋನ್ ಮಾಡಿ, “ನೀನೇನು ಬರೆಸಿದ್ಯೋ?” ಎಂದರು. ಹೇಳಿದೆ. ಅವರು ಬರೆಸಿದ್ದು ಬೇರೆ. ಇವತ್ತಿಗೂ ಒಪ್ಪಿಲ್ಲ. ಸಮಿತಿಯ ವರದಿಯ ಪ್ರತಿ ಈಗ ಅವರ ಮನೆಯಲ್ಲಿದೆ, ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ ಓದುತ್ತಿದ್ದಾರೆ. ಪಂಚಾಚಾರ್ಯರ ಬಗ್ಗೆ ಅವರು ಕೊಟ್ಟ ಪುಸ್ತಕ ನನ್ನ ಹತ್ತಿರ ಅರ್ಧ ಮುಗಿದಿದೆ.